ಐದು ಸೀಮೆ, ಒಂದು ಕಾಯದೆ: ಶ್ರೀ ಬಿ. ಡಿ. ಜತ್ತಿಯವರ ಶಾಸಕ ಜೀವನ

ಮುಂಬಯಿಯ ದಕ್ಷಿಣ ತುದಿಯಲ್ಲಿ, ರೀಗಲ್ ಚಿತ್ರಮಂದಿರದ ಎದುರಿಗೆ, ಒಂದು ಹಳೆಯ ಕಲ್ಲಿನ ಕಟ್ಟಡವಿದೆ. ಹಡಗಿನ ನಾವಿಕರು ತಂಗುವುದಕ್ಕೆಂದು ಮೊದಲು ಕಟ್ಟಿಸಿದ ಆ ಕಟ್ಟಡದಲ್ಲಿ ಈಗ ಮಹಾರಾಷ್ಟ್ರ ಪೋಲೀಸರ ಮುಖ್ಯ ಕಚೇರಿ ನಡೆಯುತ್ತಿದೆ. ಕುಲಾಬೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಅದನ್ನು ದಿನವೂ ದಾಟಿ ಹೋಗುವ ಕನ್ನಡಿಗರು ನಮ್ಮಲ್ಲಿ ನೂರಾರು ಮಂದಿ ಇದ್ದಾರೆ. ಆದರೆ ೧೯೨೮ರಿಂದ ಅನೇಕ ದಶಕಗಳ ಕಾಲ ಮುಂಬಯಿಯ ಶಾಸನಸಭೆ ಕೂಡುತ್ತಿದ್ದುದು ಆ ಕಟ್ಟಡದಲ್ಲಿಯೇ. ಬೆಳಗಾಂವಿ, ವಿಜಾಪುರ, ಧಾರವಾಡ, ಕಾರವಾರ ಜಿಲ್ಲೆಗಳ ಕನ್ನಡ ಪ್ರತಿನಿಧಿಗಳು ೧೯೫೬ರವರೆಗೆ ತಮ್ಮ ಊರುಗಳ ಅಹವಾಲನ್ನು ಹೊತ್ತು ಬಂದು ನಿಂತದ್ದು ಅದೇ ಚಾವಡಿಯಲ್ಲಿ ಎಂಬುದನ್ನು ನೆನೆಯುವವರು ವಿರಳ. ಕರ್ನಾಟಕ ಒಂದಾಗಬೇಕೆಂಬ ಠರಾವನ್ನು ಶ್ರೀ ಅಂದಾನಪ್ಪ ದೊಡ್ಡಮೇಟಿಯವರು ಮಂಡಿಸಿದ್ದೂ ಈ ಮುಂಬಯಿ ಶಾಸನಸಭೆಯಲ್ಲಿಯೇ.

ರಾಜ್ಯೋತ್ಸವದ ದಿನ ನಾವು ಏಕೀಕರಣದ ಹೋರಾಟಗಾರರನ್ನು ಸ್ಮರಿಸುತ್ತೇವೆ. ಅದು ಯೋಗ್ಯವೇ. ಆದರೆ ಹೋರಾಟ ಮುಗಿದ ಮರುದಿನ, ಕೂಡಿಬಂದ ನಾಡನ್ನು ನಿಜವಾಗಿ ಒಂದು ಮಾಡುವ ಕೆಲಸಕ್ಕೆ ಕುಳಿತವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಕೆಲಸದಲ್ಲಿ ಜಯಘೋಷವಿರಲಿಲ್ಲ, ಮೆರವಣಿಗೆಯಿರಲಿಲ್ಲ. ಕಾಗದ, ಕಲಮು, ತಿದ್ದುಪಡಿ ಇವೇ ಇದ್ದವು. ಅಂಥವರಲ್ಲಿ ಒಬ್ಬರು, ಜಮಖಂಡಿಯಲ್ಲಿ ವಕೀಲರಾಗಿದ್ದು ಈ ಮುಂಬಯಿಯ ಸಭೆಯಲ್ಲಿ ಪಳಗಿ ಮುಂದೆ ಮೈಸೂರಿನ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು. ಅವರ ಶಾಸಕ ಜೀವನವನ್ನು, ಅದರ ಗಳಿಕೆಯನ್ನೂ ಕೊರತೆಯನ್ನೂ, ಪಕ್ಷಪಾತವಿಲ್ಲದೆ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಜತ್ತಿಯವರು ಹುಟ್ಟಿದ್ದು ೧೯೧೨ರ ಸೆಪ್ಟೆಂಬರ ೧೦ರಂದು, ಜಮಖಂಡಿ ಸೀಮೆಯ ಸಾವಳಗಿಯಲ್ಲಿ. ಜಮಖಂಡಿ ಆಗ ಪಟವರ್ಧನ ಮನೆತನದ ಒಂದು ಚಿಕ್ಕ ಸಂಸ್ಥಾನ. ಪ್ರಜೆಗಳ ಮಾತು ಕನ್ನಡ, ಅರಮನೆಯ ಮಾತು ಮರಾಠಿ. ಮುಂಬಯಿ ಕರ್ನಾಟಕದ ಅನೇಕ ತರುಣರಂತೆ ಇವರೂ ಹೆಚ್ಚಿನ ಓದಿಗಾಗಿ ಕೊಲ್ಲಾಪುರದ ದಾರಿ ಹಿಡಿದರು. ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಪದವಿಯ ಓದು, ಸೈಕ್ಸ್ ಕಾನೂನು ಕಾಲೇಜಿನಲ್ಲಿ ವಕೀಲಿಯ ಓದು ಮುಗಿಸಿ ಊರಿಗೆ ಮರಳಿ, ಜಮಖಂಡಿಯ ಕೋರ್ಟಿನಲ್ಲಿ ವಕೀಲಿಯನ್ನು ಆರಂಭಿಸಿದರು. ಸಂಸ್ಥಾನದ ಸಣ್ಣ ಕೋರ್ಟಿನ ವಕೀಲನ ಮುಂದೆ ಬರುವ ಕಕ್ಷಿಗಾರರು ಎಂಥವರು? ಬದುವಿನ ತಗಾದೆ, ಸಾಲದ ಕಾಗದ, ಲಾವಣಿಗೆ ಹಿಡಿದ ಹೊಲ ಕೈಬಿಟ್ಟುಹೋದ ಅಳಲು ಇವನ್ನು ಹೊತ್ತು ಬರುವ ಒಕ್ಕಲಿಗರೇ ಹೆಚ್ಚು. ಮಣ್ಣಿನ ಜಗಳ ಎಂಬುದು ಊರಿನ ಹೊಟ್ಟೆಯ ಜಗಳ ಎಂಬ ಪಾಠ ಅಂಥ ಕಡೆ ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ.

೧೯೪೦ರಲ್ಲಿ ಅವರು ಜಮಖಂಡಿಯ ಪುರಸಭೆಯ ಸದಸ್ಯರಾದರು; ೧೯೪೫ರಲ್ಲಿ ಅದರ ಅಧ್ಯಕ್ಷರಾದರು. ತರುವಾಯ ಸಂಸ್ಥಾನದ ಶಾಸನಸಭೆಗೆ ಆಯ್ಕೆ, ಮಂತ್ರಿಪದವಿ, ಕೊನೆಗೆ ೧೯೪೮ರಲ್ಲಿ ದಿವಾಣಗಿರಿ. ಆದರೆ ಆ ದಿವಾಣಗಿರಿಯ ಮುಖ್ಯ ಕೆಲಸವೆಂದರೆ ಆ ಹುದ್ದೆಯನ್ನೇ ಇಲ್ಲವಾಗಿಸುವುದು! ೧೯೪೮ರ ಮಾರ್ಚ ೮ರಂದು ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅರಸರೊಂದಿಗೆ ಮನಸ್ತಾಪವಿಲ್ಲದೆ ಆ ವಿಲೀನವನ್ನು ನಡೆಸಿಕೊಟ್ಟು ಜತ್ತಿಯವರು ಪುನಃ ತಮ್ಮ ಕರಿಯ ಕೋಟು ತೊಟ್ಟು ಕೋರ್ಟಿಗೆ ಹೋದರು. ಇಪ್ಪತ್ತು ತಿಂಗಳ ಕಾಲ ವಕೀಲಿಯನ್ನೇ ಮಾಡಿದರು. ನಿನ್ನೆಯ ದಿವಾಣರು ಇಂದು ಮುನಸೀಫರ ಮುಂದೆ ನಿಂತು ವಾದಿಸುವುದರಲ್ಲಿ ಅವಮಾನವೇನೂ ಇಲ್ಲವೆಂದು ತಿಳಿದ ಪೀಳಿಗೆ ಅದು.

ವಿಲೀನಗೊಂಡ ಪ್ರದೇಶಕ್ಕೆ ಪ್ರತಿನಿಧಿಯೊಬ್ಬರು ಬೇಕಾದಾಗ ಜತ್ತಿಯವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಲಾಯಿತು. ಬಂದ ಒಂದು ವಾರದೊಳಗಾಗಿ ಅವರು ಮುಖ್ಯಮಂತ್ರಿ ಶ್ರೀ ಬಾಳಾಸಾಹೇಬ ಖೇರರ ಸಂಸದೀಯ ಕಾರ್ಯದರ್ಶಿಗಳಾದರು. ೧೯೫೨ರ ಚುನಾವಣೆಯಲ್ಲಿ ಗೆದ್ದುಬಂದ ಮೇಲೆ ಶ್ರೀ ಮೊರಾರಜಿ ದೇಸಾಯಿಯವರ ಸರಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ ೧೯೫೬ರವರೆಗೆ ಕೆಲಸ ಮಾಡಿದರು. ಮರಾಠಿಗರು, ಗುಜರಾತಿಗಳು, ಕನ್ನಡಿಗರು ಒಂದೇ ಸೂರಿನ ಕೆಳಗೆ ಕುಳಿತು ಶಾಸನ ಮಾಡುತ್ತಿದ್ದ ಸಭೆ ಅದು. ಕನ್ನಡಿಗರು ಅಲ್ಲಿ ಅಲ್ಪಸಂಖ್ಯಾತರು. ಗದ್ದಲದಿಂದ ಗೆಲ್ಲುವಷ್ಟು ಸಂಖ್ಯೆ ಇಲ್ಲದವರು ನಿಯಮದಿಂದ ಗೆಲ್ಲುವುದನ್ನು ಕಲಿಯಬೇಕಾಗುತ್ತದೆ. ಮಸೂದೆಯ ಯಾವ ಕಲಮು ತಮ್ಮ ಜಿಲ್ಲೆಗೆ ತಗಲುತ್ತದೆ, ಯಾವ ಶಬ್ದದಿಂದ ತಮ್ಮ ಒಕ್ಕಲಿಗ ಹೊರಗೆ ಬೀಳುತ್ತಾನೆ ಎಂದು ಹುಡುಕುವ ಕಣ್ಣು ಅಂಥವರಿಗೆ ಬೇಕು. ಜತ್ತಿಯವರಿಗೆ ಆ ಕಣ್ಣು ಕೋರ್ಟಿನಿಂದಲೇ ಬಂದಿತ್ತು. ಮುಂಬಯಿ ಸಭೆ ಅದಕ್ಕೆ ಸಾಣೆ ಹಿಡಿಯಿತೆಂದರೆ ತಪ್ಪಲ್ಲ.

೧೯೫೬ರ ನವೆಂಬರ ೧ ಬಂತು. ಮುಂಬಯಿ ಕರ್ನಾಟಕದ ನಾಲ್ಕು ಜಿಲ್ಲೆಗಳು, ಚಂದಗಡ ತಾಲೂಕೊಂದನ್ನುಳಿದು, ಹೊಸ ಮೈಸೂರು ರಾಜ್ಯವನ್ನು ಸೇರಿದವು. ಹೈದರಾಬಾದಿನಿಂದ ಗುಲಬರ್ಗಾ, ರಾಯಚೂರು, ಬೀದರಗಳ ಕನ್ನಡ ಭಾಗ, ಮದರಾಸಿನಿಂದ ಕಾಸರಗೋಡನ್ನು ಬಿಟ್ಟು ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು. ಮುಂಬಯಿಯ ಸಭೆಯಲ್ಲಿದ್ದ ಕನ್ನಡ ಸದಸ್ಯರು ಬೆಂಗಳೂರಿಗೆ ಹೊರಟರು. ಅವರು ಹೋದರು, ನಾವು ಇಲ್ಲಿ ಉಳಿದೆವು. ನಾಡು ಒಂದಾದ ಆ ದಿನವೇ ಈ ನಗರದ ಕನ್ನಡಿಗರಿಗೆ ಇಲ್ಲಿಯ ಶಾಸನಸಭೆಯಲ್ಲಿದ್ದ ತಮ್ಮ ಜಿಲ್ಲೆಗಳ ದನಿ ಇಲ್ಲವಾಯಿತು ಎಂಬುದು ನಮ್ಮ ಹಿರಿಯರು ಸಂತೋಷದ ನಡುವೆಯೇ ಸಹಿಸಿಕೊಂಡ ಸಂಗತಿ.

ಬೆಂಗಳೂರಿನಲ್ಲಿ ಮಾತ್ರ ಬೇರೊಂದು ತೊಡಕು ಕಾದಿತ್ತು. ರಾಜ್ಯ ಪುನರ್ವಿಂಗಡಣೆಯ ೧೯೫೬ರ ಕಾಯದೆಯಲ್ಲಿ ೧೧೯ನೆಯ ಕಲಮು ಎಂಬುದೊಂದಿದೆ. ಅದರ ತಾತ್ಪರ್ಯ ಇಷ್ಟು: ಪ್ರದೇಶವು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದರೂ, ಅಲ್ಲಿ ಮೊದಲಿದ್ದ ಕಾಯದೆಗಳು ಹೊಸ ಶಾಸನಸಭೆ ಬದಲಾಯಿಸುವ ತನಕ ಹಾಗೆಯೇ ನಡೆಯುತ್ತವೆ. ಇದು ಅನಿವಾರ್ಯವಾದ ಏರ್ಪಾಡು. ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಕೋರ್ಟು ಕಚೇರಿಗಳೆಲ್ಲ ಆಧಾರವಿಲ್ಲದೆ ನಿಲ್ಲುತ್ತಿದ್ದವು. ಆದರೆ ಅದರ ಪರಿಣಾಮವೇನಾಯಿತು? ನಕಾಶೆಯ ಮೇಲೆ ನಾಡು ಒಂದು, ದಫ್ತರದೊಳಗೆ ಐದು. ಗುಲಬರ್ಗಾ ಕಡೆಯ ಹಳೆಯ ಕಂದಾಯದ ಕಾಗದಗಳು ಉರ್ದುವಿನಲ್ಲಿ. ಧಾರವಾಡದ ರೈತ ಎಕರೆ-ಗುಂಟೆಗಳಲ್ಲಿ ಎಣಿಸಿದರೆ ಮಂಗಳೂರಿನ ರೈತ ಎಕರೆ-ಸೆಂಟ್ಸುಗಳಲ್ಲಿ. ಒಂದೊಂದು ವಿಷಯಕ್ಕೂ ಐದು ಕಡೆ ಐದು ಬಗೆಯ ಕಾಯದೆ. ದೇವಸ್ಥಾನ ದತ್ತಿಗಳ ವಿಷಯವನ್ನೇ ತೆಗೆದುಕೊಂಡರೆ, ಇಡೀ ರಾಜ್ಯಕ್ಕೆ ಒಂದೇ ಕಾಯದೆ ಅಂಗೀಕಾರವಾದುದು ೧೯೯೭ರಲ್ಲಿ. ಏಕೀಕರಣವಾಗಿ ನಲವತ್ತು ವರ್ಷ ಕಳೆದ ಮೇಲೆ!

ಎಲ್ಲಕ್ಕಿಂತ ಕಠಿಣವಾದುದು ಭೂಮಿಯ ಪ್ರಶ್ನೆ. ಹಳೆಯ ಮೈಸೂರಿನಲ್ಲಿ ೧೯೫೨ರ ಗೇಣಿ ಕಾಯದೆ ಇತ್ತು. ೧೯೫೪ ಮತ್ತು ೧೯೫೫ರ ಕಾಯದೆಗಳಿಂದ ಇನಾಮುಗಳು ರದ್ದಾಗುತ್ತಿದ್ದವು. ಮುಂಬಯಿ ಕರ್ನಾಟಕದಲ್ಲಿ ೧೯೪೮ರ ಮುಂಬಯಿ ಕಾಯದೆ, ನಮ್ಮ ಜನ ಕುಳಕಾಯದೆ ಎಂದು ಕರೆಯುತ್ತಿದ್ದುದು. ಹೈದರಾಬಾದ ಕರ್ನಾಟಕದಲ್ಲಿ ೧೯೫೦ರ ಕಾಯದೆ; ಅದರಲ್ಲಿ 'ರಕ್ಷಿತ ಗೇಣಿದಾರ' ಎಂಬ ವರ್ಗಕ್ಕೆ ವಿಶೇಷ ಹಕ್ಕುಗಳು. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಪದ್ಧತಿಗಳು. ಮೂಲಗೇಣಿದಾರನಿಗೆ ವಂಶಪಾರಂಪರ್ಯದ ನೆಲೆ, ಚಾಲಗೇಣಿದಾರನಿಗೆ ಧಣಿಯ ಮನಸ್ಸು ಇರುವಷ್ಟು ದಿನ ಮಾತ್ರ ನೆಲೆ. ಮುಡಿ ಅಕ್ಕಿಯ ಲೆಕ್ಕದಲ್ಲಿ ಗೇಣಿ. ಕೊಡಗಿನಲ್ಲಿ ಜಮ್ಮಾ ಹಿಡುವಳಿಯ ಬೇರೆಯೇ ಪರಂಪರೆ. ಒಂದೇ ರಾಜ್ಯದ ಇಬ್ಬರು ಒಕ್ಕಲುಗಳು, ಒಬ್ಬ ಬೀದರದವ, ಒಬ್ಬ ಬಂಟವಾಳದವ, ಇಬ್ಬರೂ ಬೇರೆಯವರ ಹೊಲ ಉಳುವವರು. ಆದರೂ ಒಬ್ಬನಿಗಿರುವ ರಕ್ಷಣೆ ಇನ್ನೊಬ್ಬನಿಗಿಲ್ಲ. ಇವರಿಬ್ಬರನ್ನೂ ಒಂದೇ ನಾಡಿನ ಪ್ರಜೆಗಳೆಂದು ಕರೆಯುವುದು ಬಾಯಿಮಾತಿನ ಉಪಚಾರವಷ್ಟೇ ಆಗಿತ್ತು.

ಗೇಣಿಯ ಪ್ರಶ್ನೆ ಎಷ್ಟು ಕಾವೇರಿತ್ತೆಂಬುದನ್ನು ನಾಡು ಆಗಲೇ ಕಂಡಿತ್ತು. ೧೯೫೧ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದೇ ಆ ಸತ್ಯಾಗ್ರಹದ ಬೀಜ. ಶ್ರೀ ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ದಸ್ತಗಿರಿಯಾದರು. ಕೊಳಗದ ಅಳತೆಗಾಗಿ ಜನ ಸೆರೆಮನೆಗೆ ಹೋಗುತ್ತಾರೆಂದರೆ ಆ ಅಳತೆಯಲ್ಲಿ ಎಷ್ಟು ಮಕ್ಕಳ ಊಟ ಅಡಗಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಇಂಥ ಸನ್ನಿವೇಶದಲ್ಲಿ, ೧೯೫೭ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಭೂಸುಧಾರಣೆಯ ಕಾಯದೆಯನ್ನು ಹೇಗೆ ರಚಿಸಬೇಕೆಂದು ಸಲಹೆ ಕೊಡಲು ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರು ಜಮಖಂಡಿಯ ಶಾಸಕ ಶ್ರೀ ಜತ್ತಿಯವರು. ಜನರ ಬಾಯಲ್ಲಿ ಅದು 'ಜತ್ತಿ ಸಮಿತಿ' ಎಂದೇ ಉಳಿಯಿತು. ಮುಂಬಯಿ ಸಭೆಯಲ್ಲಿ ಕುಳಿತು ಕುಳಕಾಯದೆಯನ್ನು ಹತ್ತಿರದಿಂದ ಕಂಡವರು, ಸಂಸ್ಥಾನವೊಂದರ ಆಡಳಿತವನ್ನು ಬಲ್ಲವರು, ವಕೀಲಿ ಮಾಡಿದವರು. ಈ ಕೆಲಸಕ್ಕೆ ಅವರು ತಕ್ಕವರೇ ಆಗಿದ್ದರು.

ಇಲ್ಲಿ ಒಂದು ಕಹಿ ಸಂಗತಿಯನ್ನು ನಾವು ಮುಚ್ಚಿಡಬಾರದು. ಮುಂಬಯಿ ಸರಕಾರ ೧೯೫೬ರಲ್ಲಿ ತನ್ನ ಕುಳಕಾಯದೆಯನ್ನು ತಿದ್ದಿ, ೧೯೫೭ರ ಏಪ್ರಿಲ ೧ನ್ನು 'ಕೃಷಿಕರ ದಿನ'ವೆಂದು ಗೊತ್ತುಪಡಿಸಿತ್ತು. ಆ ದಿನದಿಂದ ಗೇಣಿದಾರನೇ ತಾನು ಉಳುವ ಹೊಲವನ್ನು ಕೊಂಡವನೆಂದು ಕಾಯದೆ ಭಾವಿಸುವುದು. ಬೆಲೆಯನ್ನು ಕಂತುಗಳಲ್ಲಿ ತೀರಿಸುವುದು. ಮುಂಬಯಿ ರಾಜ್ಯದಲ್ಲಿಯೇ ಉಳಿದ ಕೊಲ್ಲಾಪುರ, ಸೊಲ್ಲಾಪುರಗಳ ಒಕ್ಕಲಿಗನಿಗೆ ಆ ದಿನ ಬಂತು. ಆದರೆ ಆ ದಿನಕ್ಕೆ ಐದು ತಿಂಗಳ ಮೊದಲೇ ಮೈಸೂರು ರಾಜ್ಯಕ್ಕೆ ಬಂದಿದ್ದ ಬೆಳಗಾಂವಿ, ವಿಜಾಪುರಗಳಲ್ಲಿ ಆ ಕಲಮುಗಳು ಜಾರಿಗೆ ಬರದೆ ನಿಂತವು. ಎಲ್ಲ ಸೀಮೆಗಳಿಗೂ ಒಂದೇ ಕಾಯದೆ ಬರಲಿದೆ, ಅದುವರೆಗೆ ತಾಳಿರಿ ಎಂಬುದು ಅದರ ಹಿಂದಿನ ನ್ಯಾಯ. ಗಡಿಯ ಆಚೆಯ ಹೊಲ, ಈಚೆಯ ಹೊಲ. ನಡುವೆ ಒಂದು ಬದು. ಆಚೆಯವನು ಒಡೆಯನಾದ, ಈಚೆಯವನು, ಕನ್ನಡ ನಾಡಿಗೆ ಸೇರಿದವನು, ಕಾಯುತ್ತ ಕುಳಿತ. ಏಕೀಕರಣದ ಸುಖದಲ್ಲಿ ನಾವು ಪಾಲು ಪಡೆಯುವಾಗ, ಅದರ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವನು ಈ ಗೇಣಿದಾರ ಎಂಬುದನ್ನು ಒಪ್ಪಿಕೊಳ್ಳುವುದು ನಮ್ಮ ಋಣ.

ಅವನ ಕಾಯುವಿಕೆ ಎಷ್ಟು ದೀರ್ಘವಾಯಿತು? ಜತ್ತಿ ಸಮಿತಿಯ ವರದಿಯ ಆಧಾರದ ಮೇಲೆ ೧೯೫೮ರಲ್ಲಿ ಮಸೂದೆ ಸಭೆಯ ಮುಂದೆ ಬಂತು. ಅದೇ ವರ್ಷ ಶ್ರೀ ನಿಜಲಿಂಗಪ್ಪನವರು ರಾಜೀನಾಮೆ ಕೊಟ್ಟಾಗ ಜತ್ತಿಯವರೇ ಮುಖ್ಯಮಂತ್ರಿಗಳಾದರು. ೧೯೬೨ರವರೆಗೆ ಆ ಪದವಿಯಲ್ಲಿದ್ದರು. ಸಲಹೆ ಕೊಟ್ಟವರ ಕೈಗೇ ಅದನ್ನು ಜಾರಿಗೆ ತರುವ ಅಧಿಕಾರ ಬಂದದ್ದು ಅಪರೂಪದ ಯೋಗ. ಆಗ ವಿಧಾನಸಭೆಯ ಸಭಾಪತಿಗಳಾಗಿದ್ದವರು ಕೂಡ ಅದೇ ಸೀಮೆಯ ವಕೀಲರು, ಶ್ರೀ ಎಸ್. ಆರ್. ಕಂಠಿಯವರು. ಆದರೂ ಮಸೂದೆ ಜಂಟಿ ಸಮಿತಿಗೆ ಹೋಗಿ, ಕಲಮು ಕಲಮಾಗಿ ಚರ್ಚೆಯಾಗಿ, ಅಂಗೀಕಾರವಾದುದು ೧೯೬೧ರಲ್ಲಿ. ರಾಷ್ಟ್ರಪತಿಗಳ ಒಪ್ಪಿಗೆ ಬಂದದ್ದು ೧೯೬೨ರಲ್ಲಿ. ಜಾರಿಗೆ ಬಂದದ್ದು ೧೯೬೫ರ ಅಕ್ಟೋಬರ ೨ರಂದು, ಗಾಂಧೀ ಜಯಂತಿಯ ದಿನ. ಸಮಿತಿಯ ನೇಮಕದಿಂದ ಕಾಯದೆಯ ಜಾರಿಗೆ ಎಂಟು ವರ್ಷ!

ಆ ಕಾಯದೆಯಲ್ಲಿ ಏನಿತ್ತು? ಗೇಣಿಯನ್ನು ಒಟ್ಟು ಬೆಳೆಯ ನಾಲ್ಕನೆಯ ಅಥವಾ ಐದನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಅರ್ಧ ಬೆಳೆಯನ್ನು ಕಣದಲ್ಲಿಯೇ ಅಳೆದು ಕೊಡುತ್ತಿದ್ದ ಕೋರುಪಾಲಿನ ಒಕ್ಕಲಿಗೆ ಇದು ಸಣ್ಣ ಮಾತಲ್ಲ. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿಗೆ ಮಿತಿ ಬಂತು. ಗೇಣಿದಾರನಿಗೆ ಒಡೆತನ ಕೊಡುವ ಕಲಮುಗಳೂ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಬೀದರಿನಿಂದ ಕೊಡಗಿನವರೆಗೆ ಒಂದೇ ಪುಸ್ತಕ, ಒಂದೇ ವ್ಯಾಖ್ಯೆ. ಗೇಣಿದಾರನೆಂದರೆ ಯಾರು, ಸ್ವಂತ ಸಾಗುವಳಿಯೆಂದರೇನು ಎಂಬ ಪ್ರಶ್ನೆಗಳಿಗೆ ಐದು ಸೀಮೆಗಳಲ್ಲಿಯೂ ಒಂದೇ ಉತ್ತರ ಮೊದಲ ಬಾರಿಗೆ ದೊರೆಯಿತು.

ಇನ್ನು ಕೊರತೆಗಳು. ಸ್ವಂತ ಸಾಗುವಳಿಗೆಂದು ಜಮೀನನ್ನು ಮರಳಿ ಪಡೆಯುವ ಹಕ್ಕನ್ನು ಕಾಯದೆ ಭೂಮಾಲಿಕರಿಗೆ ಕೊಟ್ಟಿತು. ಬಾಗಿಲು ತೆರೆದ ಕೈಯೇ ಅಗುಳಿಯನ್ನೂ ಇಟ್ಟಂತಾಯಿತು. ಮಿತಿ ೨೭ 'ಪ್ರಮಾಣ ಎಕರೆ' ಎಂದಿದ್ದರೂ ಒಣ ಬೇಸಾಯದ ಜಮೀನಿನಲ್ಲಿ ಅದು ೨೧೬ ಎಕರೆಯವರೆಗೆ ಹಿಗ್ಗುತ್ತಿತ್ತು. ಕಾಫಿ ಮೊದಲಾದ ತೋಟಗಳಿಗೆ ವಿನಾಯಿತಿ ಇತ್ತು. ಇವೆಲ್ಲಕ್ಕಿಂತ ದೊಡ್ಡ ಕೊರತೆ ಆ ಎಂಟು ವರ್ಷಗಳ ವಿಳಂಬ. ಕಾಯದೆ ಬರುತ್ತಿದೆಯೆಂದು ಎಂಟು ವರ್ಷ ಮೊದಲೇ ತಿಳಿದರೆ ಉಳ್ಳವರು ಏನು ಮಾಡುತ್ತಾರೆಂಬುದನ್ನು ಹೇಳಬೇಕಾಗಿಲ್ಲ. ಹಿಸ್ಸೆಯ ಪತ್ರಗಳು ಬರೆಯಲ್ಪಟ್ಟವು. ಗೇಣಿಯ ಚೀಟಿ ಇಲ್ಲದ ಒಕ್ಕಲು ಆಳಿನ ಲೆಕ್ಕಕ್ಕೆ ಬಿದ್ದ. ಒಕ್ಕಲೆಬ್ಬಿಸುವುದನ್ನು ತಡೆಯಲು ತಾತ್ಕಾಲಿಕ ಕಾಯದೆಗಳನ್ನು ಮಾಡಬೇಕಾಯಿತು ಎಂಬುದೇ ಕಾಯಿಲೆ ಎಷ್ಟಿತ್ತೆಂಬುದಕ್ಕೆ ಸಾಕ್ಷಿ.

ಇದರ ಹೊಣೆಯನ್ನೆಲ್ಲ ಜತ್ತಿಯವರೊಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಜಮೀನುಳ್ಳ ಮನೆತನಗಳವರೇ ಹೆಚ್ಚಾಗಿದ್ದ ಸಭೆಯಲ್ಲಿ ಅವರು ಬಹುಮತವನ್ನು ಕೂಡಿಸಬೇಕಾಗಿತ್ತು. ನಾಡು ಒಂದಾಗಿ ಎರಡೇ ವರ್ಷವಾಗಿತ್ತು. ಹಳೆಯ ಮೈಸೂರು, ಉತ್ತರ ಕರ್ನಾಟಕ ಎಂಬ ಸಂಶಯ ಆರಿರಲಿಲ್ಲ. ಆದರೆ ವಕೀಲರಾದ ಶಾಸಕರ ಒಂದು ಸ್ವಭಾವವೂ ಇಲ್ಲಿ ಕಾಣುತ್ತದೆ. ಎರಡೂ ಪಕ್ಷಗಳ ವಾದವನ್ನು ಕೇಳದೆ ತೀರ್ಪು ಕೊಡಬಾರದೆಂಬುದು ಅವರ ವೃತ್ತಿಧರ್ಮ. ಕೋರ್ಟಿನಲ್ಲಿ ಅದು ಸದ್ಗುಣ. ಶಾಸನಸಭೆಯಲ್ಲಿಯೂ ಅದು ಸದ್ಗುಣವೇ. ಆದರೆ ಒಂದು ಪಕ್ಷಕ್ಕೆ ಕಾಯುವ ಶಕ್ತಿಯಿದ್ದು ಇನ್ನೊಂದು ಪಕ್ಷಕ್ಕೆ ಅದಿಲ್ಲದಾಗ, ವಿಚಾರಣೆ ನಡೆಯುತ್ತಿರುವಾಗಲೇ ಬಡವ ಸೋತಿರುತ್ತಾನೆ.

ಜತ್ತಿಯವರ ಆಡಳಿತದ ಕಾಲದ ಇನ್ನೊಂದು ಕಾಯದೆಯನ್ನೂ ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ೧೯೫೯ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯದೆಯಿಂದ ಇಡೀ ರಾಜ್ಯದಲ್ಲಿ ಗ್ರಾಮಕ್ಕೆ ಪಂಚಾಯತಿ, ತಾಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಎಂಬ ಒಂದೇ ವ್ಯವಸ್ಥೆ ಏರ್ಪಟ್ಟಿತು. ಪುರಸಭೆಯ ಮೆಟ್ಟಿಲಿನಿಂದ ಮೇಲೆ ಬಂದವರ ಸರಕಾರದಲ್ಲಿ ಇದು ಆದುದು ಉಚಿತವಾಗಿಯೇ ಇದೆ.

ಮುಂದೆ ಜತ್ತಿಯವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಹಣಕಾಸು, ಆಹಾರ ಖಾತೆಗಳನ್ನು ನೋಡಿಕೊಂಡರು. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗಿ ದುಡಿಯುವುದನ್ನು ಅವರು ಕೀಳೆಂದು ಬಗೆಯಲಿಲ್ಲ. ೧೯೬೪ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ ಶರಣರ ವಚನಗಳ ಪ್ರಸಾರಕ್ಕೆ ದುಡಿದರು. ೧೯೬೮ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರಾಗಿ, ೧೯೭೨ರಲ್ಲಿ ಒರಿಸ್ಸಾದ ರಾಜ್ಯಪಾಲರಾಗಿ ಹೋದರು. ೧೯೭೩ರ ನವೆಂಬರ ೧ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ, ಅದರ ಮಾಜಿ ಮುಖ್ಯಮಂತ್ರಿಗಳು ನಮ್ಮಂತೆಯೇ ಹೊರನಾಡಿನಲ್ಲಿದ್ದರು.

ಅವರು ಹೊರಗಿರುವಾಗಲೇ ಅವರ ಕಾಯದೆಗೆ ಪುನರ್ಜನ್ಮವಾಯಿತು. ಏಕೀಕೃತ ರಾಜ್ಯದ ಮೊದಲ ಮೂವರು ಮುಖ್ಯಮಂತ್ರಿಗಳು, ನಿಜಲಿಂಗಪ್ಪ, ಜತ್ತಿ, ಕಂಠಿ, ಮೂವರೂ ವಕೀಲರು. ವಕೀಲರಲ್ಲದ ಶ್ರೀ ದೇವರಾಜ ಅರಸರು ಮುಖ್ಯಮಂತ್ರಿಗಳಾದ ಮೇಲೆ, ೧೯೬೧ರ ಕಾಯದೆಗೆ ತಂದ ದೊಡ್ಡ ತಿದ್ದುಪಡಿ ೧೯೭೪ರ ಮಾರ್ಚ ೧ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲವೂ ಸರಕಾರಕ್ಕೆ ಸೇರಿ, ಅಲ್ಲಿಂದ ಉಳುವವನಿಗೆ ದೊರೆಯಬೇಕೆಂದಾಯಿತು. ಮರಳಿ ಪಡೆಯುವ ಕಿಂಡಿ ಮುಚ್ಚಿತು. ಜಮೀನಿನ ಮಿತಿ ಒಣ ಬೇಸಾಯಕ್ಕೆ ೫೪ ಎಕರೆಗೆ ಇಳಿಯಿತು. ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತವು. ಸುಮಾರು ೮ ಲಕ್ಷ ಅರ್ಜಿಗಳು ಬಂದವು. ಕೌತುಕದ ಮಾತೆಂದರೆ, ಆ ನ್ಯಾಯಮಂಡಳಿಗಳ ಮುಂದೆ ವಕೀಲರು ಬರಕೂಡದೆಂದು ಕಾಯದೆ ನಿಷೇಧಿಸಿತು! ವಕೀಲರು ಕಟ್ಟಿದ ಕಾಯದೆಯ ಬಾಗಿಲಲ್ಲಿ ವಕೀಲರಿಗೇ ತಡೆ. ವಾದ ಬಲ್ಲವರು ಬಂದರೆ ಬಡವನ ಅರ್ಜಿ ವರ್ಷಗಟ್ಟಲೆ ತೂಗಾಡೀತೆಂಬ ಭಯ ಅದಕ್ಕೆ ಕಾರಣ. ಸುಪ್ರೀಂ ಕೋರ್ಟು ೧೯೮೭ರಲ್ಲಿ ಆ ನಿಷೇಧವನ್ನು ಅಸಿಂಧುವೆಂದು ತೀರ್ಮಾನಿಸಿತು. ಅಷ್ಟರಲ್ಲಿ ಬಹುತೇಕ ಅರ್ಜಿಗಳ ವಿಚಾರಣೆ ಮುಗಿದಿತ್ತು. ೧೯೫೭ರಲ್ಲಿ ಕೃಷಿಕರ ದಿನವನ್ನು ಕಳೆದುಕೊಂಡ ಬೆಳಗಾಂವಿಯ ಒಕ್ಕಲಿಗ ಒಡೆಯನಾಗುವ ದಾರಿ ತೆರೆದದ್ದು ಹದಿನೇಳು ವರ್ಷಗಳ ತರುವಾಯ.

ಆದರೂ ಒಂದು ಮಾತನ್ನು ಗಮನಿಸಬೇಕು. ೧೯೭೪ರಲ್ಲಿ ಮಾಡಿದ್ದು ಹೊಸ ಕಾಯದೆಯಲ್ಲ, ತಿದ್ದುಪಡಿ. ಐದು ಸೀಮೆಗಳಲ್ಲಿ ಐದು ಕಾಯದೆಗಳು ಇನ್ನೂ ಇದ್ದಿದ್ದರೆ, ಅರಸರು ಮೊದಲು ಆ ಐದನ್ನು ಒಂದು ಮಾಡುವುದರಲ್ಲಿಯೇ ತಮ್ಮ ಅವಧಿಯನ್ನು ಕಳೆಯಬೇಕಾಗುತ್ತಿತ್ತು. ಅಡಿಪಾಯ ತಗ್ಗಿನಲ್ಲಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಡೆ ಎಬ್ಬಿಸಿದವನ ಹೆಸರು ಉಳಿಯುತ್ತದೆ. ಇದು ಲೋಕದ ರೀತಿ.

ಜತ್ತಿಯವರ ಜೀವನದ ಇನ್ನೊಂದು ಘಟ್ಟವನ್ನು ಹೇಳಿ ಮುಗಿಸುತ್ತೇವೆ. ೧೯೭೪ರಲ್ಲಿ ಅವರು ಉಪರಾಷ್ಟ್ರಪತಿಗಳಾದರು. ೧೯೭೭ರ ಫೆಬ್ರವರಿ ೧೧ರಂದು ರಾಷ್ಟ್ರಪತಿ ಶ್ರೀ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ರಾಷ್ಟ್ರಪತಿಯ ಹೊಣೆ ಇವರ ಮೇಲೆ ಬಂತು. ಜುಲೈ ೨೫ರವರೆಗೆ ಅದನ್ನು ಹೊತ್ತರು. ಮಾರ್ಚ ೨೪ರಂದು ಹೊಸ ಪ್ರಧಾನಮಂತ್ರಿಗಳಿಗೆ ಅವರು ಪ್ರಮಾಣವಚನ ಬೋಧಿಸಿದರು. ಆ ಪ್ರಧಾನಮಂತ್ರಿಗಳು ಶ್ರೀ ಮೊರಾರಜಿ ದೇಸಾಯಿ. ರೀಗಲ್ ಎದುರಿನ ಆ ಕಟ್ಟಡದಲ್ಲಿ ಮುಖ್ಯಮಂತ್ರಿಗಳಾಗಿದ್ದವರು ಅವರು, ಅವರ ಉಪಮಂತ್ರಿಗಳಾಗಿದ್ದವರು ಇವರು!

ಒಂದು ತಿಂಗಳು ಕಳೆದ ಮೇಲೆ ಕೇಂದ್ರ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಮಾಡಿತು. ಸುಪ್ರೀಂ ಕೋರ್ಟು ಏಪ್ರಿಲ ೨೯ರಂದು ಆ ರಾಜ್ಯಗಳ ಆಕ್ಷೇಪಣೆಗಳನ್ನು ತಳ್ಳಿಹಾಕಿತ್ತು. ಆದರೂ ಜತ್ತಿಯವರು ಕೂಡಲೇ ರುಜು ಹಾಕಲಿಲ್ಲ. ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಏಪ್ರಿಲ ೩೦ರಂದು ರುಜು ಹಾಕಿದರು. ೪೨ನೆಯ ತಿದ್ದುಪಡಿ ಜಾರಿಯಲ್ಲಿದ್ದ ಕಾಲವದು. ಮಂತ್ರಿಮಂಡಲದ ಸಲಹೆಯಂತೆ ನಡೆಯುವುದಲ್ಲದೆ ರಾಷ್ಟ್ರಪತಿಗೆ ಸಂವಿಧಾನ ಬೇರೆ ದಾರಿಯನ್ನು ಬಿಟ್ಟಿರಲಿಲ್ಲ. ಅವರು ಹಳೆಯ ಪಕ್ಷದ ಮೇಲಿನ ಮಮತೆಯಿಂದ ತಡೆದರೆಂದು ಕೆಲವರು ಜರೆದರು. ರಾಜ್ಯಗಳ ಸಭೆಗಳ ಮೇಲಿನ ಗೌರವದಿಂದ ತಡೆದರೆಂದು ಕೆಲವರು ಹೊಗಳಿದರು. ಅವರ ಅಂತರಂಗವನ್ನು ತೀರ್ಮಾನಿಸಲು ನಾವು ಹೊರಡುವುದಿಲ್ಲ. ಆದರೆ ಮರುವರ್ಷದ ೪೪ನೆಯ ತಿದ್ದುಪಡಿ, ಸಲಹೆಯನ್ನು ಒಂದು ಬಾರಿ ಮರುವಿಚಾರಣೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಒಂದು ಘಳಿಗೆ ನಿಂತು ಯೋಚಿಸುವುದಕ್ಕೆ ಅವರಿಗೆ ಇಲ್ಲದಿದ್ದ ಎಡೆ, ಅವರ ತರುವಾಯದವರಿಗೆ ಕಾಯದೆಯಿಂದಲೇ ದೊರೆಯಿತು. ೨೦೦೨ರ ಜೂನ ೭ರಂದು ಜತ್ತಿಯವರು ಬೆಂಗಳೂರಿನಲ್ಲಿ ಕಾಲವಾದರು.

ಈ ಕಥೆ ಹೊರನಾಡಿನ ನಮಗೆ ಏಕೆ ಬೇಕು? ನಮ್ಮ ಸಂಘದ ಯಾವುದೇ ಸಭೆಯನ್ನು ನೋಡಿರಿ. ಹೊಟೇಲಿನ ಗಲ್ಲೆಯ ಮೇಲೆ ಕುಳಿತವರು, ಗಿರಣಿಯಲ್ಲಿ ದುಡಿದವರು, ಬ್ಯಾಂಕಿನಲ್ಲಿ ಲೆಕ್ಕ ಬರೆದವರು, ಅವರ ಮಕ್ಕಳು, ಮೊಮ್ಮಕ್ಕಳು. ಊರಿನಲ್ಲಿ ಗೇಣಿಗೆ ಕೊಟ್ಟಿದ್ದ ಗದ್ದೆ ಕೈಬಿಟ್ಟುಹೋಗಿ ಮುಂಬಯಿಯ ರೈಲು ಹತ್ತಿದ ಮನೆಯವರೂ ಅಲ್ಲಿದ್ದಾರೆ. ತಲೆತಲಾಂತರ ಉತ್ತ ಗದ್ದೆ ತಮ್ಮದಾಗಿ, ಆ ಧೈರ್ಯದಿಂದ ಮಗನನ್ನು ಓದಲು ಮುಂಬಯಿಗೆ ಕಳುಹಿಸಿದ ಮನೆಯವರೂ ಅಲ್ಲಿದ್ದಾರೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ನಾಡಗೀತೆ ಹಾಡುತ್ತಾರೆ. ಒಬ್ಬರ ಮನೆಯ ನೋವು ಇನ್ನೊಬ್ಬರ ಮನೆಯ ಬೆಳಕಾಯಿತು. ಆ ನೋವನ್ನು ಅಲ್ಲಗಳೆಯದೆ, ಆ ಬೆಳಕು ನ್ಯಾಯದ್ದೆಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನಮಗಿರಬೇಕು.

ಕಾಯದೆ ಇನ್ನೂ ಬದಲಾಗುತ್ತಿದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ಕಟ್ಟುಗಳನ್ನು ೨೦೨೦ರ ತಿದ್ದುಪಡಿ ತೆಗೆದುಹಾಕಿದೆ. ನಗರಗಳಲ್ಲಿರುವ ನಮ್ಮಂಥವರು ಊರಿನ ಭೂಮಿಯನ್ನು ಹಣ ಕೊಟ್ಟು ಕೊಳ್ಳಬಲ್ಲೆವು. ಅದು ನಮಗೆ ಅನುಕೂಲವೇ. ಆದರೆ ಕೊಳ್ಳುವ ಮೊದಲು ಆ ಹೊಲದ ಬದುವಿನ ಮೇಲೆ ಒಂದು ಘಳಿಗೆ ನಿಂತು, ಅದನ್ನು ಉಳುವವನ ಹೆಸರಿಗೆ ತರಲು ಎಷ್ಟು ವರ್ಷ, ಎಷ್ಟು ಸಭೆ, ಎಷ್ಟು ಕಲಮು ಬೇಕಾದವೆಂಬುದನ್ನು ನೆನೆದರೆ ಒಳ್ಳೆಯದು.

ನಾಡು ಒಂದಾಗುವುದು ನವೆಂಬರ ೧ರಂದು ಬಾವುಟ ಏರಿದಾಗ ಮಾತ್ರವಲ್ಲ. ಅದರ ಕೊನೆಯ ಒಕ್ಕಲಿಗ ಯಾವ ಸೀಮೆಯಲ್ಲಿದ್ದರೂ ಒಂದೇ ಕಾಯದೆಯ ಮುಂದೆ ಒಂದೇ ಎತ್ತರದಲ್ಲಿ ನಿಲ್ಲುವಾಗ. ಆ ಕೆಲಸವನ್ನು ಜತ್ತಿಯವರು ಆರಂಭಿಸಿದರು, ಪೂರ್ತಿ ಮಾಡಲಿಲ್ಲ. ಮುಂದಿನ ಸಲ ರೀಗಲ್ ಎದುರಿನ ಕಲ್ಲಿನ ಕಟ್ಟಡವನ್ನು ದಾಟುವಾಗ, ಜಮಖಂಡಿಯಿಂದ ಕಾಗದಗಳ ಕಟ್ಟು ಹಿಡಿದು ಬಂದು ಅಲ್ಲಿಯ ಮೆಟ್ಟಿಲನ್ನು ಹತ್ತಿದ ಆ ವಕೀಲರನ್ನು ನಮ್ಮ ಸದಸ್ಯರು ಒಮ್ಮೆ ನೆನೆದರೆ ಈ ಲೇಖನ ಸಾರ್ಥಕವಾಯಿತೆಂದು ನಾವು ಭಾವಿಸುವೆವು.